ಮಡತ್ತುಕುಳಂ ಸೀಮೆಯ ವಲಸೆಗಾರರು: ಹಳ್ಳಿಯ ನೆಲೆ, ನಗರದ ನೆಲೆ

ವಲಸೆಯೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ನಗರ. ಮುಂಬಯಿಗೆ ಹೋದ ಹೋಟೆಲು ಹುಡುಗ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆಂದು ರೈಲು ಹತ್ತಿದ ಒಡಿಶಾದ ತರುಣ - ಇಂಥವರೇ ವಲಸೆಗಾರರೆಂದು ಭಾವಿಸುವುದು ರೂಢಿಯಾಗಿಬಿಟ್ಟಿದೆ. ಆದರೆ ಹಳ್ಳಿಗೂ ಜನರು ವಲಸೆ ಹೋಗುವುದುಂಟು. ಪೂರ್ವಕಾಲದಲ್ಲಂತೂ ಹೊಸ ನೆಲವನ್ನರಸಿ ಹಳ್ಳಿಗೇ ಹೋದವರು ಬಹಳ ಮಂದಿ. ಬಂದವನ ಮಾತು ಏನಾಯಿತು, ಅವನ ಮಕ್ಕಳ ವಿದ್ಯೆ ಏನಾಯಿತು ಎಂದು ವಿಚಾರಿಸಿದರೆ ಈ ಎರಡು ಬಗೆಯ ವಲಸೆಗಳ ಫಲ ಒಂದೇ ಅಲ್ಲವೆಂಬುದು ತಿಳಿಯುತ್ತದೆ. ಇದಕ್ಕೆ ಮಡತ್ತುಕುಳಂ ಸೀಮೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಮಡತ್ತುಕುಳಂ ಉಡುಮಲೈಪೇಟೆಗೂ ಪಳನಿಗೂ ನಡುವೆ ಅಮರಾವತಿ ಹೊಳೆಯ ಬಯಲಿನಲ್ಲಿರುವ ಊರು. ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಭಾಗವು 2009ರಲ್ಲಿ ತಿರುಪ್ಪೂರು ಜಿಲ್ಲೆಯ ರಚನೆಯಾದಾಗ ಅದರ ಪಾಲಿಗೆ ಬಂದಿತು. ಭತ್ತ, ಕಬ್ಬು, ತೆಂಗು ಇಲ್ಲಿಯ ಬೆಳೆಗಳು. ಪೇಟೆಯ ಮಾತು ತಮಿಳು. ಆದರೆ ಇಲ್ಲಿಂದ ಪೊಳ್ಳಾಚಿಯವರೆಗಿನ ಸೀಮೆಯಲ್ಲಿ ಮನೆಯೊಳಗೆ ತೆಲುಗನ್ನೋ ಕನ್ನಡವನ್ನೋ ಆಡುವ ಕುಟುಂಬಗಳಿಗೆ ಕೊರತೆಯಿಲ್ಲ. ಒಕ್ಕಲಿಗರು, ಅನುಪ್ಪರು, ದೇವಾಂಗ ನೇಕಾರರು ಕನ್ನಡ ಮನೆಮಾತಿನವರಲ್ಲಿ ಮುಖ್ಯರು. (ದೇವಾಂಗರಲ್ಲಿ ತೆಲುಗು ಆಡುವವರೂ ಇದ್ದಾರೆ.)

ಇವರು ಯಾವಾಗ ಬಂದರು? ವಿಜಯನಗರದ ಕಾಲದಲ್ಲಿ, ತುಂಗಭದ್ರೆಯ ದಡದಿಂದ ಬಂದೆವೆಂಬುದು ಹಲವರ ನಂಬಿಕೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ಗ್ರಂಥದಲ್ಲಿ ಈ ಜನರ ಐತಿಹ್ಯವೊಂದು ದಾಖಲಾಗಿದೆ: ಓಡಿಬರುವಾಗ ತುಂಬಿದ ಹೊಳೆ ಅಡ್ಡವಾಯಿತು, ಹೊಂಗೆಯ ಮರ ಬಾಗಿ ಸೇತುವೆಯಾಯಿತು, ಆದುದರಿಂದ ಹೊಂಗೆ ತಮಗೆ ಪೂಜ್ಯ. ಕಥೆಯನ್ನು ಕಥೆಯೆಂದೇ ಇಟ್ಟುಕೊಳ್ಳೋಣ. ಚರಿತ್ರೆಯ ಮಾತು ಬೇರೆ ಇದೆ. 1799ರಲ್ಲಿ ಟಿಪ್ಪು ಮಡಿಯುವವರೆಗೂ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಆಮೇಲೆಯೂ ಕನ್ನಡದ ಕೊಳ್ಳೇಗಾಲ ತಾಲ್ಲೂಕು 1956ರ ತನಕ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಘಟ್ಟದ ಮೇಲಿಂದ ಕೆಳಗಿಳಿಯುವುದು ಆ ಕಾಲದಲ್ಲಿ ಪರದೇಶಕ್ಕೆ ಹೋಗುವ ಮಾತಾಗಿರಲಿಲ್ಲ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕಾಸರಗೋಡಿನ ಕನ್ನಡಿಗರು ಎಲ್ಲಿಗೂ ಹೋದವರಲ್ಲ; 1956ರ ನವೆಂಬರ್ 1ರಂದು ಗಡಿಯೇ ಅವರ ಅಂಗಳವನ್ನು ದಾಟಿತು. ಮಡತ್ತುಕುಳಂ ಸೀಮೆಯವರಾದರೋ ತಾವಾಗಿ ನಡೆದು ಬಂದವರ ಸಂತತಿ. ಆದ್ದರಿಂದಲೇ ‘ಗಡಿನಾಡ ಕನ್ನಡಿಗ’ ಎಂಬ ಹೆಸರಿನಲ್ಲಿ ನಾವು ನಮ್ಮನ್ನು ಎಣಿಸಿಕೊಳ್ಳುವಾಗ ಅವರನ್ನು ಮರೆಯುತ್ತೇವೆ.

ಶತಮಾನಗಳು ಕಳೆದರೂ ಇವರ ಮನೆಯಲ್ಲಿ ಕನ್ನಡ ಉಳಿದುದು ಹೇಗೆ? ಭಾಷಾಭಿಮಾನದಿಂದಲ್ಲ, ಆ ಶಬ್ದವೇ ಅವರಿಗೆ ಗೊತ್ತಿರಲಾರದು. ಬಂದವನು ಒಬ್ಬನೇ ಬರಲಿಲ್ಲ. ಹೆಂಡತಿ, ಮಕ್ಕಳು, ದಾಯಾದಿ, ಬೀಗರು, ಮನೆದೇವರು ಎಲ್ಲವೂ ಜೊತೆಗೆ ಬಂದುವು. ಕೈಗೆ ಭೂಮಿ ಸಿಕ್ಕಿತು. ಒಂದೇ ಕೇರಿಯಲ್ಲಿ ಮನೆಗಳೆದ್ದವು. ಹೆಣ್ಣು ಕೊಡುವುದೂ ತರುವುದೂ ತಮ್ಮೊಳಗೇ. ಸೊಸೆಯಾಗಿ ಬಂದ ಹುಡುಗಿಗೆ ಅತ್ತೆಯ ಮಾತು ತವರಿನ ಮಾತೇ ಆಗಿತ್ತು. ಕಂಬಳಿ ಹಾಸಿ ಕುಳಿತು ಕುಲದ ವ್ಯಾಜ್ಯವನ್ನು ತೀರಿಸಿಕೊಳ್ಳುವ ಪದ್ಧತಿಯೂ ಇತ್ತು. ಅಂಗಡಿಗೆ, ಕಚೇರಿಗೆ, ನೀರಿನ ಪಾಳಿಯ ಮಾತುಕತೆಗೆ ತಮಿಳು ಸಾಕಾಯಿತು. ಹೀಗೆ ಎರಡು ಮಾತುಗಳಿಗೂ ಒಂದೊಂದು ಜಾಗ ನಿಂತಿತು. ಒಂದು ಮತ್ತೊಂದನ್ನು ತಳ್ಳಲಿಲ್ಲ.

ಆದರೆ ಉಳಿದುದು ನುಡಿ ಮಾತ್ರ, ಅಕ್ಷರ ಉಳಿಯಲಿಲ್ಲ. ಮಗು ಶಾಲೆಯಲ್ಲಿ ಕಲಿಯುವುದು ತಮಿಳು ಲಿಪಿ, ಮದುವೆಯ ಕರೆಯೋಲೆ ತಮಿಳು, ಗುಡಿಯ ಬರಹ ತಮಿಳು. ಮನೆಮಾತನ್ನು ಬರೆಯಬೇಕಾದರೆ ತಮಿಳು ಲಿಪಿಯನ್ನೇ ಹಿಡಿಯಬೇಕು. ಆ ಲಿಪಿಯಲ್ಲಿ ಕ-ಗ, ತ-ದ, ಪ-ಬಗಳಿಗೆ ಬೇರೆ ಬೇರೆ ಅಕ್ಷರವಿಲ್ಲ. ಆಗ ಕಾಳಿಗೂ ಗಾಳಿಗೂ ಒಂದೇ ಬರಹ. ಯಾವುದು ಯಾವುದೆಂದು ಓದುವವನು ಊಹಿಸಬೇಕು. ತಮಿಳಿಗೆ ಇದೊಂದು ದೋಷವಲ್ಲ. ಆ ಭಾಷೆಯ ಉಚ್ಚಾರಣೆಯ ನಿಯಮಕ್ಕೆ ಅಷ್ಟೇ ಸಾಕು. ಕನ್ನಡಕ್ಕೆ ಸಾಲದು. ಹಾಗಾಗಿ ಬರಹಕ್ಕಿಳಿಯದ ಮಾತು ಅಡುಗೆಮನೆಯ, ಹೊಲದ, ಹಟ್ಟಿಯ ಮಾತಾಗಿ ನಿಂತಿತು.

ಇನ್ನು ನಗರ. ಕೊಯಮತ್ತೂರಿನಲ್ಲಿ ಮೊದಲ ನೂಲಿನ ಗಿರಣಿ 1888ರಲ್ಲಿ ಬಂತು. 1930ರ ದಶಕದಲ್ಲಿ ಪೈಕಾರಾ ವಿದ್ಯುತ್ತು ದೊರೆತ ಮೇಲೆ ಗಿರಣಿಗಳ ಸಂಖ್ಯೆ ಬೆಳೆಯಿತು. ಗಿರಣಿಯ ಪಾಳಿಗೆ ಹೋಗುವವನಿಗೆ ಕೇರಿಯ ಹಂಗಿಲ್ಲ. ಬಾಡಿಗೆ ಎಲ್ಲಿ ಕಡಿಮೆಯೋ ಅಲ್ಲಿ ವಾಸ. ಎಡಮನೆಯವನು ತಮಿಳ, ಬಲಮನೆಯವನು ಮಲೆಯಾಳಿ. ಮಕ್ಕಳು ಬೀದಿಯಲ್ಲಿ ಆಡುವ ಮಾತೇ ಒಂದು ತಲೆಮಾರಿನಲ್ಲಿ ಮನೆಯ ಮಾತಾಗುತ್ತದೆ. ನಗರದ ದೇವಾಂಗರು ವಿಜಯದಶಮಿಯಂದು ಚೌಡೇಶ್ವರಿಗೆ ಅಲಗು ಸೇವೆಯನ್ನು ಇಂದಿಗೂ ವೈಭವದಿಂದ ಸಲ್ಲಿಸುತ್ತಾರೆ. ಆದರೆ ವರ್ಷಕ್ಕೊಮ್ಮೆಯ ಹಬ್ಬವು ದಿನನಿತ್ಯದ ಮಾತನ್ನು ಕಾಯಲಾರದು.

ಹಾಗೆಂದು ನಗರವನ್ನು ನಿಂದಿಸುವುದೂ ಸರಿಯಲ್ಲ. ಹಳ್ಳಿ ಕೊಡಲಾರದ ಒಂದನ್ನು ನಗರ ಕೊಟ್ಟಿತು: ಅಕ್ಷರ. ಮುಂಬಯಿಯ ಉದಾಹರಣೆ ನಮ್ಮ ಕರಾವಳಿಯವರಿಗೆ ತಿಳಿದದ್ದೇ. 1908ರಲ್ಲಿ ಅಲ್ಲಿ ಆರಂಭವಾದ ಮೊಗವೀರ ರಾತ್ರಿ ಶಾಲೆಯೂ ಅನಂತರದ ಇತರ ರಾತ್ರಿ ಶಾಲೆಗಳೂ ಹಗಲೆಲ್ಲ ದುಡಿಯುವ ಹುಡುಗರಿಗೆ ಕನ್ನಡ ಕಲಿಸಿದವು. ಅವರಲ್ಲಿ ಬಹುಮಂದಿಯ ಮನೆಮಾತು ತುಳು ಎಂಬುದು ಇಲ್ಲಿಯ ಸ್ವಾರಸ್ಯ. ನೂರಾರು ಜನರು ಒಂದೆಡೆ ಸೇರಿದಾಗ ಸಂಘ, ಶಾಲೆ, ಪತ್ರಿಕೆ ಸಾಧ್ಯವಾಗುತ್ತವೆ. ಚದರಿದ ಹಳ್ಳಿಗಳಲ್ಲಿ ಅದು ಸಾಧ್ಯವಿಲ್ಲ.

ಈ ಲೆಕ್ಕವನ್ನು ಇಂದಿನ ವಲಸೆ ತಲೆಕೆಳಗು ಮಾಡಿದೆ. ಬಿಹಾರ, ಒಡಿಶಾ, ಝಾರ್ಖಂಡ್, ಅಸ್ಸಾಮುಗಳಿಂದ ಬಂದವರು ತಿರುಪ್ಪೂರಿನ ಹೊಲಿಗೆಯ ಕಾರ್ಖಾನೆಗಳಲ್ಲಿದ್ದಾರೆ. ಹಳ್ಳಿಗಳ ನಡುವೆ ಎದ್ದಿರುವ ನೂಲಿನ ಗಿರಣಿಗಳಲ್ಲಿಯೂ, ವಾಲ್ಪಾರೆಯ ಚಹಾ ತೋಟಗಳಲ್ಲಿಯೂ ಇದ್ದಾರೆ. ನೂಲಿನ ಗಿರಣಿ ಹಳ್ಳಿಯಲ್ಲಿದೆ ನಿಜ. ಆದರೆ ಅಲ್ಲಿಯ ಹಾಸ್ಟೆಲಿನಲ್ಲಿರುವ ಹುಡುಗಿಗೆ ಹಳ್ಳಿ ಸಿಕ್ಕಿದೆಯೆ? ಹೊಲವಿಲ್ಲ, ಕೇರಿಯಿಲ್ಲ, ನೆರೆಮನೆಯಿಲ್ಲ. ಆವರಣದ ಗೋಡೆ, ಪಾಳಿಯ ಗಂಟೆ, ಊರಿಗೆ ಮರಳುವ ದಿನದ ಎಣಿಕೆ. ಹಳ್ಳಿಯ ಆಶ್ರಯವೂ ಇಲ್ಲ, ನಗರದ ಸಂಘವೂ ಇಲ್ಲ. ಒಕ್ಕಲಿಗನನ್ನು ಈ ಮಣ್ಣಿನವನನ್ನಾಗಿ ಮಾಡಿದುದು ಹಳ್ಳಿಯೆಂಬ ಸ್ಥಳವಲ್ಲ, ನೀರು-ನೆಲ-ನೆರೆಗಳ ಸಂಬಂಧ ಎಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ. ಸಂಬಂಧವಿಲ್ಲದೆಡೆ ಭಯ ಬೇಗ ಹಬ್ಬುತ್ತದೆ. 2023ರ ಮಾರ್ಚಿಯಲ್ಲಿ ಸುಳ್ಳು ಚಲಚ್ಚಿತ್ರ ತುಣುಕುಗಳನ್ನು ನಂಬಿ ಬಿಹಾರದ ಕಾರ್ಮಿಕರು ಗಾಬರಿಗೊಂಡರು. ವಿಚಾರಣೆಗಾಗಿ ಆ ರಾಜ್ಯದ ಅಧಿಕಾರಿಗಳೇ ತಮಿಳುನಾಡಿಗೆ ಬರಬೇಕಾಯಿತು.

ಅಧ್ಯಾಪಕರಿಗೆ ಇಲ್ಲಿರುವ ಪ್ರಶ್ನೆ ಮಕ್ಕಳದು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆನ್ನುತ್ತದೆ. ತೋಟ ಕಾರ್ಮಿಕರ 1951ರ ಕಾಯಿದೆಯು ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿದ್ದರೆ ಶಿಕ್ಷಣದ ಹೊಣೆಯನ್ನು ಮಾಲಿಕನ ಮೇಲೆ ಹೊರಿಸಲು ಸರಕಾರಕ್ಕೆ ಅಧಿಕಾರ ಕೊಟ್ಟಿತ್ತು. ಅತ್ತ ತಮಿಳುನಾಡಿನ 2006ರ, ಕರ್ನಾಟಕದ 2015ರ, ಕೇರಳದ 2017ರ ಕಾಯಿದೆಗಳು ರಾಜ್ಯಭಾಷೆಯ ಕಲಿಕೆಯನ್ನು ಕಡ್ಡಾಯಗೊಳಿಸಿವೆ. ರಾಜ್ಯಭಾಷೆ ಬೇಡವೆಂದು ನಾನು ಹೇಳುವುದಿಲ್ಲ. ಅದನ್ನರಿಯದ ಕೂಲಿಯವನ ಮಗು ಪೇಟೆಯಲ್ಲಿ ಮೂಕನಾದೀತು. ಆದರೆ ಮೊದಲ ದಿನವೇ ಅದೊಂದರಲ್ಲೇ ಪಾಠ ಹೇಳಿದರೆ ಮಗು ತರಗತಿಯಲ್ಲೂ ಮೂಕನಾಗುವುದು ಖಂಡಿತ.

ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ 2017ರಲ್ಲಿ ಆರಂಭವಾದ ‘ರೋಶ್ನಿ’ ಯೋಜನೆ ಇದಕ್ಕೊಂದು ದಾರಿ ತೋರಿಸಿತು. ಹಿಂದಿ, ಬಂಗಾಳಿ, ಒಡಿಯಾ ಬಲ್ಲ ಸ್ವಯಂಸೇವಕರು ಮಗುವಿನ ಮಾತಿನಿಂದ ತೊಡಗಿ ಮೆಲ್ಲನೆ ಮಲೆಯಾಳಕ್ಕೆ ದಾಟಿಸುತ್ತಾರೆ. ಅಲ್ಲಿ ಇದು ನಡೆದುದು ಕಾರ್ಮಿಕರು ಗುಂಪಾಗಿ ನೆಲೆಸಿರುವುದರಿಂದ. ಒಂದು ಶಾಲೆಯಲ್ಲಿ ನಲವತ್ತು ಮಕ್ಕಳಿದ್ದರೆ ಒಬ್ಬ ಸಹಾಯಕನನ್ನು ಕೇಳಬಹುದು. ತೆಂಗಿನ ತೋಪಿನ ಕಾವಲುಗಾರನ ಇಬ್ಬರು ಮಕ್ಕಳು, ಇಟ್ಟಿಗೆ ಗೂಡಿನವನ ಒಬ್ಬ ಮಗಳು - ಇಷ್ಟೇ ಇರುವ ಹಳ್ಳಿಯ ಶಾಲೆಗೆ ಯಾರೂ ಸಹಾಯಕನನ್ನು ಕಳುಹಿಸುವುದಿಲ್ಲ. ಅಲ್ಲಿ ಅಧ್ಯಾಪಕನ ಕೈಯಲ್ಲಿರುವುದು ಮೂರು ಕೆಲಸಗಳು: ದಾಖಲೆ ಪುಸ್ತಕದ ಮಾತೃಭಾಷೆಯ ಅಂಕಣದಲ್ಲಿ ಊರಿನ ಭಾಷೆಯನ್ನು ತುಂಬದೆ ಮಗು ತಾಯಿಯೊಡನೆ ಆಡುವ ಮಾತನ್ನೇ ಬರೆಯುವುದು, ಅಣ್ಣನನ್ನೋ ಅಕ್ಕನನ್ನೋ ಮೊದಲ ತಿಂಗಳು ಪಕ್ಕದಲ್ಲಿ ಕೂರಿಸುವುದು, ನೀರು, ಹಸಿವು, ನೋವು, ಮನೆ ಎಂಬ ನಾಲ್ಕಾರು ಶಬ್ದಗಳನ್ನಾದರೂ ಆ ಮಗುವಿನಿಂದ ತಾನೇ ಕಲಿತುಕೊಳ್ಳುವುದು.