ಮಾತು ಮುಟ್ಟುವ ದಾರಿ

ರೇಡಿಯೋದಲ್ಲಿ ಚಿತ್ರಗೀತೆ ಬಂದರೆ ನಿಮ್ಮ ಮನೆಯ ಹುಡುಗರು ಕಿವಿಗೊಡುತ್ತಾರೆ. ಧರ್ಮಪ್ರವಚನ ಬಂದರೆ ಮೆಲ್ಲನೆ ಎದ್ದುಹೋಗುತ್ತಾರೆ. ತಪ್ಪು ಕೇಳುವವರದೋ, ಹೇಳುವವರದೋ?

ಹರಿಹರದ ಆರೋಗ್ಯಮಾತೆಯ ದೇವಾಲಯದಲ್ಲಿ ಸೆಪ್ಟೆಂಬರ್ 8ರ ಉತ್ಸವಕ್ಕೆ ನಾನಾ ಮತದ ಜನ ಸೇರುತ್ತಾರೆ. ಆದರೆ ಕರೂರು ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ, ಹಾಡು ಗುನುಗುತ್ತ ಮನೆಗೆ ಮರಳುವ ತರುಣನಿಗೆ ಕ್ರಿಸ್ತನ ಮಾತನ್ನು ಮುಟ್ಟಿಸುವುದು ಹೇಗೆ?

ಈ ಪ್ರಶ್ನೆ ಹಳೆಯದು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ಹರಿದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಬೋಧಿಸಲು ಬಂದವರು ಮೊದಲು ಕೇಳಲು ಕುಳಿತರು! 1853ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನೆಂಡ್ ಕಿಟೆಲರು 1862ರಲ್ಲಿ 'ಕಥಾಮಾಲೆ'ಯನ್ನು ಹೊರತಂದು, ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳಿದರು. ಕಾರಣ ಸ್ಪಷ್ಟ: ಓದು ಬಾರದ ನಮ್ಮ ಹಿರಿಯರೂ ಕುಮಾರವ್ಯಾಸನ ಷಟ್ಪದಿಗಳನ್ನು ಕಂಠಸ್ಥ ಮಾಡಿದ್ದು ಲಯದ ಬಲದಿಂದಲ್ಲವೇ?

ಹಾಗೆಂದು ಮಟ್ಟನ್ನು ಎರವಲು ತಂದರೆ ಸಾಲದು. ಚಿತ್ರಗೀತೆಯ ಧಾಟಿಗೆ ಪ್ರಾರ್ಥನೆಯನ್ನು ಹೊಂದಿಸಿದರೆ, ಹಾಡುವವನ ಕಣ್ಣಮುಂದೆ ನಿಲ್ಲುವುದು ಚಿತ್ರದ ನಾಯಕ, ಪ್ರಾರ್ಥನೆ ಜಾರಿಹೋಗುತ್ತದೆ. ಕಿಟೆಲರು ಹೊರಗಿನ ವೇಷಕ್ಕೆ ತೃಪ್ತರಾಗಲಿಲ್ಲ. 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿದರು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಒಂದು ಜನದ ನುಡಿಯನ್ನು ಅರಿಯುವುದಕ್ಕೆ ಒಂದು ಆಯುಷ್ಯವನ್ನೇ ಸವೆಸಿದರು.

ಯಾವ ಮತದವರೇ ಆಗಲಿ, ತರುಣರಿಗೆ ಹಿತ ಹೇಳಹೊರಟವರು ಇದನ್ನು ನೆನೆಯಬೇಕು. ಇಂದು ಸಂಜೆ ನಿಮ್ಮ ಮಗ ಏನನ್ನೋ ಗುನುಗುತ್ತಿದ್ದರೆ ಗದರಬೇಡಿ. ಆ ಹಾಡಿನಲ್ಲಿ ಅವನಿಗೆ ಹಿಡಿಸಿದ್ದೇನು ಎಂದು ಕೇಳಿ. ಅನಂತರ ನಿಮ್ಮ ಮಾತಿಗೂ ಅವನು ಕಿವಿಗೊಟ್ಟಾನು.