ವಿಮಾನವೇ ಹೇಳುವ ವಿಳಾಸ

ಕಾಪುವಿನ ಕಡಲತಡಿಯ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ನಾವು ಬಲ್ಲೆವು. ‘ನೆಲ ಇಲ್ಲಿದೆ’ ಎಂದು ಅದು ನಾವಿಕರಿಗೆ ತಿಳಿಸುತ್ತದೆ. ಬಜಪೆಗೆ ಬಂದಿಳಿಯುವ ಇಂದಿನ ವಿಮಾನವಾದರೋ ‘ನಾನು ಇಲ್ಲಿದ್ದೇನೆ’ ಎಂದು ನೆಲಕ್ಕೇ ತಿಳಿಸುತ್ತದೆ. ಇದು ಹೇಗೆ?

ರೇಡಾರ್ ಸುತ್ತಲೂ ಅಲೆಗಳನ್ನು ಬೀರಿ, ಅವುಗಳ ಮರುದನಿಯಿಂದಲೋ ವಿಮಾನವು ಕೊಡುವ ಉತ್ತರದಿಂದಲೋ ಅದರ ದೂರ ದಿಕ್ಕುಗಳನ್ನು ಅರಿಯುತ್ತದೆ. ಅದರ ಒಂದು ಸುತ್ತಿಗೆ ಹಲವು ಸೆಕೆಂಡುಗಳು ಬೇಕು. ‘ಎ.ಡಿ.ಎಸ್.-ಬಿ.’ ಎಂಬ ಹೊಸ ಪದ್ಧತಿಯಲ್ಲಿ ವಿಮಾನವು ಉಪಗ್ರಹಗಳ ಸಂಕೇತಗಳಿಂದ ತನ್ನ ಸ್ಥಾನವನ್ನು ತಾನೇ ಗಣಿಸಿ, ಸೆಕೆಂಡಿಗೆ ಸುಮಾರು ಎರಡು ಬಾರಿ 1090 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ ಬಿತ್ತರಿಸುತ್ತದೆ.

ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಚಲಿಸುತ್ತವೆ. ಆದುದರಿಂದ 10 ಕಿಲೋಮೀಟರ್ ಎತ್ತರದಲ್ಲಿ, ಅರಬ್ಬೀ ಸಮುದ್ರದ ಮೇಲೆ ಹಾರುವ ವಿಮಾನದ ಮಾತನ್ನು ಮಣಿಪಾಲದ ಗುಡ್ಡದ ಮೇಲಿನ ಗ್ರಾಹಕವು ಸುಮಾರು 350 ಕಿಲೋಮೀಟರ್ ದೂರದಿಂದ ಕೇಳಬಲ್ಲದು. ಆದರೆ ಕಾರ್ಕಳದಾಚೆ ಘಟ್ಟದ ಮರೆಯಲ್ಲಿ ತಗ್ಗಾಗಿ ಹಾರುವ ವಿಮಾನದ ಮಾತು ಅದಕ್ಕೆ ಕೇಳಿಸದು.

ವಿಮಾನವೇ ತನ್ನ ಸ್ಥಾನವನ್ನು ತಪ್ಪಾಗಿ ತಿಳಿದರೆ? ಹುಸಿ ಸಂಕೇತಗಳನ್ನು ಬೀರಿ ಅದನ್ನು ವಂಚಿಸಬಹುದು. ಆಗ ಅದು ಸುಳ್ಳನ್ನೇ ಪ್ರಾಮಾಣಿಕವಾಗಿ ಸಾರುತ್ತದೆ! ಈ ಅಪಾಯವನ್ನು ಕುರಿತು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2023ರಲ್ಲಿ ಸುತ್ತೋಲೆ ಹೊರಡಿಸಿತು. ಹೇಳಿದ ಮಾತನ್ನು ಒರೆಗೆ ಹಚ್ಚಲು ಹಳೆಯ ರೇಡಾರ್ ಇಂದಿಗೂ ಬೇಕೇ ಬೇಕು.