ನಗಲಿಕ್ಕೆ ಟಿಕೆಟ್ ಬೇಡ ಮಾರಾಯ್ರೇ!

ನಗು ಬರಿಸುವ ಲೇಖನ ಬೇಕು ಎಂದು ಸಂಪಾದಕರ ಅಪ್ಪಣೆ ಬಂದಾಗ ನನ್ನ ಮೋರೆ ನೋಡಬೇಕಿತ್ತು! ಹಿಂದಿನ ದಿನವಷ್ಟೇ ತಂಗಿಗೆ ಬಂದಿದ್ದ ಸಂಬಂಧ ತಪ್ಪಿಹೋಗಿತ್ತು. ಗಂಡಿನ ಕಡೆಯವರು ಹೇಳಿ ಕಳಿಸಿದ ಕಾರಣ: ‘ಹುಡುಗಿಯ ಅಣ್ಣನಿಗೆ ಪರ್ಮನೆಂಟ್ ಕೆಲಸ ಇಲ್ಲ.’ ಅಣ್ಣ ಎಂದರೆ ಈ ಬಡಪಾಯಿಯೇ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು, ಲೇಖನಕ್ಕಿಷ್ಟು ಎಂದು ಬರೆದು ಬದುಕುವವನು. 1971ರಲ್ಲಿ ತೆರೆಕಂಡ ಮೊಟ್ಟಮೊದಲ ತುಳು ಚಿತ್ರದ ಹೆಸರು ‘ಎನ್ನ ತಂಗಡಿ’, ಅಂದರೆ ‘ನನ್ನ ತಂಗಿ’. ನನ್ನ ಕಥೆಗೂ ಅದೇ ಹೆಸರು ಇಡಬಹುದಿತ್ತು!

ಮನೆಯಲ್ಲಿ ಕೂತರೆ ಆಗುವುದಿಲ್ಲವೆಂದು ಬಿ.ಸಿ. ರೋಡಿನಲ್ಲಿ ಮೂಡುಬಿದಿರೆ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ಕಂಡಕ್ಟರನದು ಒಂದೇ ಮಂತ್ರ: ‘ಪಿರ ಪೋಲೆ, ಪಿರ ಪೋಲೆ!’ ಹಿಂದೆ ಹೋಗಿ ಎಂದರ್ಥ. ಚೀಲ ಹಿಡಿದ ಅಜ್ಜಿಯೊಬ್ಬರು ತಿರುಗಿ ಕೇಳಿದರು: ‘ಇನ್ನೂ ಹಿಂದೆ ಹೋದರೆ ಪಾಣೆಮಂಗಳೂರು ಬರುತ್ತದೆ ಮಗಾ, ಅಲ್ಲಿಗೂ ಟಿಕೆಟ್ ಕೊಡ್ತೀಯಾ?’ ಇಡೀ ಬಸ್ಸು ಘೊಳ್ಳೆಂದಿತು. ಕಂಡಕ್ಟರ್ ಸೀಟಿ ಊದಲು ಹೋದ. ನಗು ತಡೆಯದೆ ಬರೀ ಗಾಳಿ ಬಂತು. ನನ್ನ ತುಟಿಯೂ ಜಾರಿತು ನೋಡಿ!

ಸಿದ್ದಕಟ್ಟೆ ದಾಟಿ ಮೂಡುಬಿದಿರೆಯಲ್ಲಿ ಇಳಿದೆ. ಗೋಡೆಯ ಮೇಲೆ ಹೊಸ ಚಿತ್ರದ ಪೋಸ್ಟರು. ಹೀರೋ ಕೈಯಲ್ಲಿ ಆಳೆತ್ತರದ ಕತ್ತಿ. ಕೊಡೆ ಊರಿ ನಿಂತ ಹಿರಿಯರೊಬ್ಬರು ಬಹಳ ಹೊತ್ತು ನೋಡಿ ನನ್ನನ್ನು ಕೇಳಿದರು: ‘ಇವ ಸುಮ್ಮನೇ ನಿಂತಿದ್ದಾನಲ್ಲ, ನಾಳೆ ನಮ್ಮ ತೋಟದ ಕೆಲಸಕ್ಕೆ ಬರ್ತಾನಾ? ಜನವೇ ಸಿಗ್ತಿಲ್ಲ ಮಾರಾಯ!’

ಸಿನಿಮಾದಲ್ಲಾದರೆ ಈ ಮಾತನ್ನು ಯಾರೋ ಕೂತು ಬರೆಯಬೇಕು. ಇಲ್ಲಿ ಬರೆದವರು ಯಾರು? ನಮ್ಮ ಯಕ್ಷಗಾನವೂ ಹೀಗೆಯೇ ಅಲ್ಲವೇ? ಭಾಗವತರು ಹಾಡುವ ಪದ್ಯ ಪುಸ್ತಕದಲ್ಲಿದೆ. ವೇಷಧಾರಿಯ ಮಾತು ರಂಗದಲ್ಲೇ ಹುಟ್ಟಬೇಕು. ಮೂಡುಬಿದಿರೆ ಹತ್ತಿರದ ಊರಿನ ಹೆಸರು ಹೊತ್ತ ಮಿಜಾರು ಅಣ್ಣಪ್ಪ, 2024ರ ಅಕ್ಟೋಬರಿನಲ್ಲಿ ನಮ್ಮನ್ನಗಲಿದ ಬಂಟ್ವಾಳ ಜಯರಾಮ ಆಚಾರ್ಯ, ಇಂಥ ಹಾಸ್ಯಗಾರರು ಜನರನ್ನು ನಗಿಸಿದ್ದು ಆ ಕ್ಷಣದ ಮಾತಿನಿಂದಲೇ. ನಾಟಕವಾಗಿ ಗೆದ್ದು, 2011ರಲ್ಲಿ ಸಿನಿಮಾ ಆಗಿಯೂ ಗೆದ್ದ ‘ಒರಿಯರ್ದೊರಿ ಅಸಲ್’ಗೆ ಜನ ಮುಗಿಬಿದ್ದದ್ದೇಕೆ? ತೆರೆಯ ಮೇಲೆ ತಮ್ಮದೇ ಅಂಗಳದ ಕುಸಾಲು ಕೇಳಿಸಿತು, ಅಷ್ಟೇ!

ಬೆಳ್ತಂಗಡಿ ದಾರಿಯಲ್ಲಿ ವೇಣೂರು. ಅಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಗೊಮ್ಮಟ. ಕೆನ್ನೆಯಲ್ಲಿ ಗುಳಿ, ತುಟಿಯಲ್ಲಿ ಸಣ್ಣ ನಗು. ‘ಯಾಕಮ್ಮ ನಗ್ತಾ ಇದ್ದಾರೆ?’ ಎಂದು ಒಬ್ಬಳು ಪುಟಾಣಿ ತಾಯಿಯನ್ನು ಕೇಳಿದಳು. ಉತ್ತರ ಬರುವ ಮೊದಲೇ ಕಾಲಿನ ಬಳ್ಳಿ ತೋರಿಸಿ ತಾನೇ ಹೇಳಿದಳು: ‘ಗೊತ್ತಾಯ್ತು, ಬಳ್ಳಿ ಕಚಗುಳಿ ಇಡ್ತಾ ಉಂಟು!’ ಎಲ್ಲವನ್ನೂ ಬಿಟ್ಟು ನಿಂತವನ ಮುಂದೆ ನನ್ನ ಚಿಂತೆ ಎಷ್ಟರದು ಎನಿಸಿತು.

ಬೆಳ್ತಂಗಡಿಯ ಹೋಟೆಲಿನಲ್ಲಿ ‘ಏನುಂಟು ಸ್ಪೆಶಲ್?’ ಎಂದೆ. ‘ಬನ್ಸ್ ಉಂಟು. ನಿನ್ನೆಯದ್ದಲ್ಲ, ಅದೇ ಸ್ಪೆಶಲ್!’ ಎಂದ ಹುಡುಗ. ಎರಡು ತಿಂದೆ.

ಗುರುವಾಯನಕೆರೆ, ಮಡಂತ್ಯಾರು ದಾಟಿ ಬಿ.ಸಿ. ರೋಡು ಸೇರುವಾಗ ರಾತ್ರಿ. ಮನೆಯಲ್ಲಿ ಮಾತಿಲ್ಲ. ಊಟಕ್ಕೆ ಕೂತಾಗ ಕತ್ತಿ ಹಿಡಿದ ಹೀರೋನ ಕಥೆ ಹೇಳಿದೆ. ತಂಗಿ ತಲೆ ಎತ್ತಲಿಲ್ಲ. ಅನ್ನ ಕಲಸುತ್ತಲೇ ಹೇಳಿದಳು:

‘ಆ ಹೀರೋನಿಗೂ ಪರ್ಮನೆಂಟ್ ಕೆಲಸ ಇಲ್ಲ ಅಲ್ವಾ ಅಣ್ಣಾ?’

ಮೊದಲು ನಕ್ಕವರು ಒಳಗಿದ್ದ ಅಮ್ಮ. ಆಮೇಲೆ ಅವಳು. ಕೊನೆಗೆ ನಾನು... ಕಣ್ಣು ಒರೆಸಿಕೊಳ್ಳುತ್ತಾ!